ಬಂಡೆಯ ಗೀರು ಓದಲು ಕಲಿಸಿದವರಿಗೆ

ನಿಮ್ಮ ಹೆಸರು ಕೇಳಲೇ ಇಲ್ಲ ಸರ್. ಹಿಮನದಿ ಹಿಂದೆ ಸರಿದ ಕಣಿವೆಯಲ್ಲಿ ಒಂದು ಬಂಡೆಯ ಮುಂದೆ ನಾನು ಸುಮ್ನೆ ನಿಂತಿದ್ದೆ. ನೀವಾಗಿಯೇ ಬಂದು ಎಲ್ಲವನ್ನೂ ಬಿಡಿಸಿ ಹೇಳಿದಿರಿ.

ಹಿಮನದಿ ಹುಟ್ಟಬೇಕಾದರೆ ಬೇಸಿಗೆಯಲ್ಲಿ ಕರಗುವುದಕ್ಕಿಂತ ಚಳಿಗಾಲದಲ್ಲಿ ಬೀಳುವ ಹಿಮ ಜಾಸ್ತಿಯಾಗಬೇಕು, ಅದೂ ವರ್ಷಗಟ್ಟಲೆ. ಮೇಲಿನ ಭಾರಕ್ಕೆ ಕೆಳಗಿನ ಹಿಮ ಒತ್ತಿಕೊಂಡು, ಗಾಳಿ ಹೊರಬಿದ್ದು, ಗಟ್ಟಿ ಮಂಜುಗಡ್ಡೆಯಾಗುತ್ತದೆ. ಹತ್ತಾರು ಮೀಟರ್ ದಪ್ಪವಾದ ಮೇಲೆ ತನ್ನ ತೂಕಕ್ಕೆ ತಾನೇ ಹರಿಯತೊಡಗುತ್ತದೆ.

ಆ ಬಂಡೆಯನ್ನಂತೂ ಮರೆಯಲಾರೆ. ಒಂದು ಮೈ ನುಣುಪು, ಅದರ ಮೇಲೆ ಒಂದೇ ದಿಕ್ಕಿಗೆ ಎಳೆದ ಗೀರುಗಳು. ಇನ್ನೊಂದು ಮೈ ಒರಟು, ಅಲ್ಲಲ್ಲಿ ಮುರಿದಂತೆ. ಮಂಜುಗಡ್ಡೆ ಹರಿದು ಬಂದ ಕಡೆಯನ್ನು ಅದರ ತಳಕ್ಕೆ ಅಂಟಿದ ಕಲ್ಲುಗಳು ಮರಳು ಕಾಗದದಂತೆ ಉಜ್ಜಿವೆ. ದಾಟಿ ಹೋದ ಕಡೆ ಬಿರುಕಿಗಿಳಿದ ನೀರು ಹೆಪ್ಪುಗಟ್ಟಿ, ಹರಿಯುವ ಮಂಜು ಕಲ್ಲಿನ ಚೂರುಗಳನ್ನೇ ಕಿತ್ತೊಯ್ದಿದೆ. ಗೀರಿನ ಮೇಲೆ ಬೆರಳಿಟ್ಟು, ಅದು ಯಾವ ಕಡೆಗೆ ಹರಿದಿತ್ತು ಎಂದು ತೋರಿಸಿದಿರಲ್ಲ, ಮೈ ಜುಮ್ಮೆಂದಿತು. 1840ರಲ್ಲಿ ಸ್ವಿಸ್ ವಿಜ್ಞಾನಿ ಲೂಯಿ ಅಗಾಸಿ ಇಂಥ ಗುರುತುಗಳನ್ನು ಹಿಡಿದೇ, ಹಿಂದೊಮ್ಮೆ ಮಂಜು ಎಷ್ಟೋ ದೂರ ಹಬ್ಬಿತ್ತು ಎಂದು ವಾದಿಸಿದ್ದರು.

ಕಣಿವೆಯ ತಳ ಅಷ್ಟು ಅಗಲ, ಗೋಡೆ ಅಷ್ಟು ಕಡಿದು ಯಾಕೆ ಎಂಬುದೂ ಆಗಲೇ ಅರ್ಥವಾಯಿತು: ಅದನ್ನೂ ಹರಿಯುವ ಮಂಜುಗಡ್ಡೆಯೇ ಕೊರೆದದ್ದು. ನಾರ್ವೆಯ ಫಿಯೋರ್ಡ್‌ಗಳೂ ಇಂಥವೇ ಅಲ್ವಾ, ಸಮುದ್ರ ಒಳನುಗ್ಗಿದ ಕಣಿವೆಗಳು!

ಕೇಳಿದ್ದನ್ನೇ ಮತ್ತೆ ಕೇಳಿದರೂ ನೀವು ಬೇಸರಪಡಲಿಲ್ಲ. ಈಗ ಪರ್ವತದ ಯಾವ ಫೋಟೋ ಕಂಡರೂ ಮೊದಲು ಕಣಿವೆಯ ತಳ ನೋಡುತ್ತೇನೆ. ತುಂಬಾ ಥ್ಯಾಂಕ್ಸ್ ಸರ್.