"ಏನೂ ಆಗಿಲ್ವಲ್ಲ" ಅನ್ನದೆ ನನ್ನ ಜೊತೆ ನಿಂತವರಿಗೆ

ನನ್ನ ಮೇಲೆ ಅತ್ಯಾಚಾರಕ್ಕೆ ಪ್ರಯತ್ನ ಮಾಡಿದವನ ಮೇಲ್ಮನವಿ ಹೈಕೋರ್ಟಿನಲ್ಲಿ ವಜಾ ಆಗಿದೆ. ಮಂಡ್ಯದ ಸೆಷನ್ಸ್ ಕೋರ್ಟ್ ಕೊಟ್ಟಿದ್ದ 5 ವರ್ಷದ ಶಿಕ್ಷೆ ಹಾಗೇ ಉಳಿಯಿತು. ಬೇಲ್ ಹೋಯಿತು, ಶರಣಾಗಲು ಗಡುವು ಕೊಟ್ಟಿದ್ದರು, ಈಗ ಜೈಲಿಗೆ ಹೋಗಿದ್ದಾನೆ. ಸುಪ್ರೀಂ ಕೋರ್ಟಿಗೆ ಹೋಗುವ ದಾರಿ ಅವನಿಗೆ ಇನ್ನೂ ಇದೆ, ಅದು ಗೊತ್ತು. ಆದರೂ ಇವತ್ತು ಬರೆಯಲೇಬೇಕು ಅನ್ನಿಸಿತು. ಇಷ್ಟು ವರ್ಷ ಜೊತೆಗಿದ್ದವರಿಗೆ ಎದುರಿಗೆ ನಿಂತು ಥ್ಯಾಂಕ್ಸ್ ಹೇಳಲು ಹೋದರೆ ಗಂಟಲು ಕಟ್ಟುತ್ತದೆ, ಮಾತು ಅರ್ಧಕ್ಕೇ ನಿಂತುಬಿಡುತ್ತದೆ. ಬರೆದರೆ ಪೂರ್ತಿ ಹೇಳಬಹುದು ಅಲ್ವಾ.

ನನ್ನ ಹೆಸರು ಹಾಕುತ್ತಿಲ್ಲ. ನನಗೆ ನಾಚಿಕೆ ಅಂತ ಅಲ್ಲ, ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದಾರೆ, ಅದಕ್ಕೆ. ಮದ್ದೂರು ತಾಲ್ಲೂಕು ಅಂದರೆ ಸಾಕು. ಇಂಥ ಕೇಸಿನಲ್ಲಿ ಹೆಣ್ಣಿನ ಗುರುತನ್ನು ಬೇರೆಯವರು ಬಯಲು ಮಾಡುವುದೇ ಅಪರಾಧ. ಹೈಕೋರ್ಟಿನ ತೀರ್ಪಿನಲ್ಲೂ ನಾನು ಪಿ.ಡಬ್ಲ್ಯೂ.1, ಅಂದರೆ ಸರ್ಕಾರದ ಕಡೆಯ ಮೊದಲನೇ ಸಾಕ್ಷಿ, ಮಾತ್ರ. ಇದು ಯಾರ ಬರಹ ಅಂತ ಗೊತ್ತಾದವರು ದಯವಿಟ್ಟು ಹೆಸರು ಸೇರಿಸಿ ಯಾರಿಗೂ ಕಳಿಸಬೇಡಿ.

ನಡೆದಿದ್ದನ್ನು ಜಾಸ್ತಿ ಬರೆಯುವುದಿಲ್ಲ. ಓಟಿ ಮುಗಿಸಿ ಗಾರ್ಮೆಂಟ್ಸ್ ವ್ಯಾನಿನಿಂದ ಇಳಿದು ನಾಲೆ ಏರಿ ಮೇಲೆ ಮನೆ ಕಡೆ ಬರುತ್ತಿದ್ದೆ. ನಮ್ಮ ಊರಿನವನೇ ಒಬ್ಬ ಹಿಂದಿನಿಂದ ಬಂದು ಬಾಯಿ ಮುಚ್ಚಿ ಕಬ್ಬಿನ ಗದ್ದೆಯೊಳಕ್ಕೆ ಎಳೆದುಕೊಂಡು ಹೋದ. ಕೆಡವಿದ, ಬಟ್ಟೆ ಹರಿದ. ನಾನು ಕೈ ಕಚ್ಚಿ ಕೂಗಿಕೊಂಡೆ. ಕೂಗು ಕೇಳಿ ಟಾರ್ಚ್ ಹಿಡಿದುಕೊಂಡು ಇಬ್ಬರು ಓಡಿ ಬಂದರು, ಅವನು ಬಿಟ್ಟು ಓಡಿದ.

ಆಮೇಲೆ ನಾನು ಜಾಸ್ತಿ ಕೇಳಿದ ಮಾತು ಒಂದೇ. "ಏನೂ ಆಗ್ನಿಲ್ವಲ್ಲವ್ವಾ, ಬುಟ್ಬುಡು." ಇದನ್ನು ಅವನ ಕಡೆಯವರು ಮಾತ್ರ ಹೇಳಿದ್ದಲ್ಲ. ನನ್ನ ಮೇಲೆ ಪ್ರೀತಿ ಇರುವವರೂ ಹೇಳಿದರು. ತವರಿನವರು ದೇವರಿಗೆ ಹರಕೆ ತೀರಿಸಿ, ಮಾನ ಉಳೀತಲ್ಲ ಇನ್ನೇನು ಬೇಕು, ಸ್ಟೇಷನ್ನು ಕೋರ್ಟು ಅಂತ ಯಾಕೆ ಅಲೀತೀಯಾ ಅಂದರು. ಏನೂ ಆಗದೆ ಇದ್ದಿದ್ದರೆ ನನ್ನ ಬೆನ್ನು ತೋಳು ತುಂಬ ಕಬ್ಬಿನ ಗರಿ ಕೊಯ್ದ ಗಾಯ ಯಾಕಿತ್ತು? ಗಾಳಿಗೆ ಗರಿ ಸರಿದ ಸದ್ದಾದರೆ ಸಾಕು, ಇವತ್ತಿಗೂ ಎದೆ ಯಾಕೆ ಹೊಡೆದುಕೊಳ್ಳುತ್ತದೆ? ಆ ಮಾತು ಅನ್ನದೇ ಇದ್ದವರು ಕೆಲವೇ ಜನ. ಈ ಬರಹ ಅವರಿಗೆ.

ಮೊದಲು ಆವತ್ತು ನೀರು ಕಟ್ಟಲು ಹೋಗಿದ್ದ ಅಣ್ಣನಿಗೆ ಮತ್ತು ಅವರ ಮಗನಿಗೆ. ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ರಾತ್ರಿ ಹೊತ್ತೇ ಬರುವುದು. ಹಾವು ಚೇಳು ಅನ್ನದೆ ಗದ್ದೆಯಲ್ಲಿ ನಿಲ್ಲಬೇಕು, ಅದನ್ನು ಬೈಯದ ರೈತ ಇಲ್ಲ. ಆವತ್ತು ಕರೆಂಟ್ ರಾತ್ರಿ ಕೊಟ್ಟಿದ್ದಕ್ಕೇ ಆ ತಂದೆ ಮಗ ಇಬ್ಬರೂ ಪಕ್ಕದ ಗದ್ದೆಯಲ್ಲಿದ್ದರು. ಓಡಿ ಬಂದಿದ್ದು ದೊಡ್ಡದು. ಆದರೆ ಅಣ್ಣ ಆಮೇಲೆ ಮಾಡಿದ್ದು ಅದಕ್ಕಿಂತ ದೊಡ್ಡದು ಅಂತ ನಾನು ಹೇಳುತ್ತೇನೆ. ಅವನ ಮನೆಯವರು ಅಣ್ಣನಿಗೆ ಸಂಬಂಧಿಕರೇ. ಸಾಕ್ಷಿ ಹೇಳಬೇಡ ಅಂತ ಮೊದಲು ಬೇಡಿಕೊಂಡರು, ಆಮೇಲೆ ಹೆದರಿಸಿದರು, ಕೊನೆಗೆ ಅಣ್ಣ ಬೆಳೆಯಲ್ಲಿ ಪಾಲು ಕೊಟ್ಟು ವಾರಕ್ಕೆ ಮಾಡುತ್ತಿದ್ದ ಅವರ ಗದ್ದೆಯನ್ನೇ ಬಿಡಿಸಿಕೊಂಡರು. ಪೊಲೀಸರ ಮುಂದೆ ಒಂದು ಹೇಳಿ ಕೋರ್ಟಿನಲ್ಲಿ ತಿರುಗಿ ಬೀಳುವ ಸಾಕ್ಷಿಗಳು ಎಷ್ಟು ಜನ ಅಂತ ಕೋರ್ಟಿನ ಹೊರಗೆ ಬೆಂಚಿನ ಮೇಲೆ ಕೂತ ಯಾರನ್ನು ಕೇಳಿದರೂ ಹೇಳುತ್ತಾರೆ. ಅಣ್ಣ ತಿರುಗಿ ಬೀಳಲಿಲ್ಲ. ಗದ್ದೆ ಹೋದ ಮೇಲೂ ಬಂದು ಕಟಕಟೆ ಹತ್ತಿದರು.

ಪಾಟಿ ಸವಾಲಿನಲ್ಲಿ ಅವನ ವಕೀಲರು, ಅಮಾವಾಸ್ಯೆ ಹತ್ತಿರದ ಕತ್ತಲಲ್ಲಿ ಇವನೇ ಅಂತ ಹೇಗೆ ಗೊತ್ತಾಯ್ತು ಅಂತ ಕೇಳಿದ್ದಾರೆ. "ಟಾರ್ಚ್ ಮುಖಕ್ಕೇ ಬುಟ್ಟಿದ್ದೆ ಸ್ವಾಮಿ. ಅದಿಲ್ದಿದ್ರೂ, ಕಣ್ಮುಂದೆ ಬೆಳ್ದವ್ನು ಓಡೋದ ನೋಡಿದ್ರೆ ಗೊತ್ತಾಗಲ್ವಾ?" ಅಂದರಂತೆ ಅಣ್ಣ. ಬಾಗಿಲು ಹಾಕಿ ನಡೆದ ವಿಚಾರಣೆ ಅದು, ಅವರು ಸಾಕ್ಷಿ ಹೇಳುವಾಗ ನಾನು ಒಳಗೆ ಇರಲಿಲ್ಲ. ಅಣ್ಣ ಬಂದು ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ, ಟೀ ಕುಡಿದು ಬಸ್ ಹತ್ತಿದರು. ವರ್ಷಗಳಾದ ಮೇಲೆ ವಕೀಲರಾದ ಮೇಡಂ ಇಂಗ್ಲಿಷಿನಲ್ಲಿದ್ದ ತೀರ್ಪನ್ನು ಕನ್ನಡದಲ್ಲಿ ಓದಿ ಹೇಳಿದಾಗಲೇ ನನಗೆ ಇದೆಲ್ಲ ತಿಳಿದದ್ದು. ಅಣ್ಣ, ನಿಮ್ಮ ಋಣ ತೀರಿಸುವ ದಾರಿ ನನಗೆ ಗೊತ್ತಿಲ್ಲ. ನಿಮ್ಮ ಮಗನ ಮದುವೆಗೆ ಬಂದು ಕೆಲಸ ಮಾಡುವುದು ಮಾತ್ರ ಗ್ಯಾರಂಟಿ.

ಆ ರಾತ್ರಿ ಸ್ಟೇಷನ್ನಿನಲ್ಲಿ ಹೇಳಿಕೆ ಬರೆದುಕೊಂಡ ಮಹಿಳಾ ಎಸ್‌ಐ ಅವರಿಗೂ ಕೈ ಮುಗಿಯುತ್ತೇನೆ. ನಾನು ಅಳುವಷ್ಟು ಹೊತ್ತು ಕಾದರು, ನನ್ನ ಮಾತಿನಲ್ಲೇ ಬರೆದು, ಓದಿ ಹೇಳಿ ಸಹಿ ಹಾಕಿಸಿಕೊಂಡರು. ಹರಿದ ರವಿಕೆಯನ್ನು ತೊಳೀಬೇಡಮ್ಮ ಅಂತ ಮೊದಲೇ ಹೇಳಿದ್ದರು, ಬೆಳಿಗ್ಗೆ ಬಂದು ಗದ್ದೆಯಲ್ಲಿ ಮಹಜರು ಮಾಡಿದರು. ನನ್ನ ಗಾಯಗಳ ಸರ್ಟಿಫಿಕೇಟ್, ಅವನ ಕೈ ಮೇಲಿದ್ದ ನನ್ನ ಹಲ್ಲಿನ ಗುರುತು, ಎಲ್ಲ ದಾಖಲೆಗೆ ಸೇರಿತು. ಹೈಕೋರ್ಟಿನಲ್ಲಿ ಕೊನೆಗೆ ಉಳಿದಿದ್ದು ಇವೇ.

ಈಗ ಮೇಲ್ಮನವಿಯ ವಿಷಯ. ಅಪೀಲ್ ಹಾಕಿದ್ದಾನೆ ಅಂತ ಗೊತ್ತಾದಾಗ, ಮತ್ತೆ ಎಲ್ಲರ ಮುಂದೆ ಎಲ್ಲ ಹೇಳಬೇಕಲ್ಲ ಅಂತ ಅನ್ನ ಸೇರಲಿಲ್ಲ. ಉಚಿತವಾಗಿ ವಕೀಲರನ್ನು ಕೊಡುವ ಕಾನೂನು ಸೇವಾ ಸಮಿತಿಯಿಂದ ಸಿಕ್ಕ ಮೇಡಂ ಮೊದಲ ದಿನವೇ ಆ ಭಯ ಬಿಡಿಸಿದರು. ಹೈಕೋರ್ಟಿನಲ್ಲಿ ಸಾಮಾನ್ಯವಾಗಿ ಸಾಕ್ಷಿಗಳನ್ನು ಮತ್ತೆ ಕರೆಯುವುದಿಲ್ಲ, ಕೆಳಗಿನ ಕೋರ್ಟಿನ ದಾಖಲೆ ತರಿಸಿಕೊಂಡು ಓದುತ್ತಾರೆ, ಎರಡೂ ಕಡೆಯ ವಾದ ಕೇಳುತ್ತಾರೆ. ವಾದ ಮಾಡುವುದು ಸರ್ಕಾರಿ ವಕೀಲರು, ಮೇಡಂ ಅವರಿಗೆ ಜೊತೆ. ಆದರೂ ನಾನು ಹೋಗುತ್ತಿದ್ದೆ. ಮದ್ದೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಮೆಟ್ರೋದಲ್ಲಿ ವಿಧಾನಸೌಧದ ಎದುರು ಇಳಿದು, ಆ ಕೆಂಪು ಕಟ್ಟಡದಲ್ಲಿ ಹಿಂದಿನ ಸಾಲಿನಲ್ಲಿ ಕೂತರೆ, ನಮ್ಮ ಕೇಸ್ ಕರೆಯುವಷ್ಟರಲ್ಲಿ ಕೋರ್ಟ್ ಎದ್ದುಬಿಡುತ್ತಿತ್ತು, ಇಲ್ಲ ಅಂದರೆ ಮುಂದಕ್ಕೆ ಹೋಗುತ್ತಿತ್ತು.

ಅವನ ಕಡೆಯವರ ವಾದ ಎರಡು. ಒಂದು, ಗದ್ದೆ ಬದಿನ ಜಗಳಕ್ಕೆ ಸುಳ್ಳು ಕೇಸ್ ಹಾಕಿದ್ದಾರೆ ಅನ್ನುವುದು. ಅದು ನಿಲ್ಲಲಿಲ್ಲ. ಇನ್ನೊಂದೇ ನನ್ನನ್ನು ಹೆದರಿಸಿದ್ದು. ನಡೆದಿದ್ದೆಲ್ಲ ನಿಜ ಅಂತಲೇ ಇಟ್ಟುಕೊಳ್ಳಿ, ಆದರೂ ಅದು ಅತ್ಯಾಚಾರದ ಪ್ರಯತ್ನ ಅಲ್ಲ, ಬರೀ ತಯಾರಿ, ಹಾಗಾಗಿ ಹಳೇ ದಂಡಸಂಹಿತೆಯ (ಐಪಿಸಿ) 376 ಜೊತೆ 511, ಅಂದರೆ ಅತ್ಯಾಚಾರದ ಪ್ರಯತ್ನದ ಸೆಕ್ಷನ್, ತೆಗೆದು, ಹೆಣ್ಣಿನ ಮಾನಕ್ಕೆ ಧಕ್ಕೆ ತರಲು ಕೈ ಮಾಡಿದ್ದಕ್ಕೆ ಹಾಕುವ 354ಕ್ಕೆ ಇಳಿಸಿ ಅಂತ ಕೇಳಿದರು. 354ರಲ್ಲಿ ಕನಿಷ್ಠ ಶಿಕ್ಷೆ 1 ವರ್ಷ ಇತ್ತು. ವಿಚಾರಣೆ ಕಾಲದಲ್ಲೇ ಅವನು ಅಷ್ಟು ಒಳಗಿದ್ದ. ಊರಿನವರು ನನಗೆ ಹೇಳಿದ "ಏನೂ ಆಗಿಲ್ವಲ್ಲ" ಅನ್ನುವ ಮಾತೇ ಕರಿ ಕೋಟು ಹಾಕಿಕೊಂಡು ಹೈಕೋರ್ಟಿಗೆ ಬಂದ ಹಾಗಾಯಿತು.

ಆಗಲೇ, 2025ರ ಮಾರ್ಚ್‌ನಲ್ಲಿ, ಅಲಹಾಬಾದ್ ಹೈಕೋರ್ಟಿನ ಆದೇಶ ಟಿವಿಯಲ್ಲಿ ಬಂತು. ಒಂದು ಹೆಣ್ಣುಮಗುವಿನ ಎದೆ ಹಿಡಿದು, ಪೈಜಾಮದ ಲಾಡಿ ಕಿತ್ತು, ಮೋರಿ ಕೆಳಗೆ ಎಳೆಯಲು ನೋಡಿದ್ದು ಅತ್ಯಾಚಾರದ ಪ್ರಯತ್ನ ಆಗುವುದಿಲ್ಲ ಅಂತ ಅದರಲ್ಲಿತ್ತು. ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಮುಗೀತು ನಮ್ಮ ಕೇಸು ಅಂದುಕೊಂಡೆ. ಮೇಡಂ ಫೋನ್ ಮಾಡಿ ಧೈರ್ಯ ಹೇಳಿದರು. ಅದೇ ಮಾರ್ಚ್ 26ರಂದು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಮೇಡಂ 2021ರ ಇನ್ನೊಂದು ಸುಪ್ರೀಂ ಕೋರ್ಟ್ ತೀರ್ಪನ್ನೂ ತೋರಿಸಿದರು. ಮಧ್ಯಪ್ರದೇಶದ ಇಬ್ಬರು ಪುಟ್ಟ ಹೆಣ್ಣುಮಕ್ಕಳ ಕೇಸು. ಅಲ್ಲಿನ ಹೈಕೋರ್ಟ್ ಹೀಗೇ 354ಕ್ಕೆ ಇಳಿಸಿತ್ತು, ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ ಪ್ರಯತ್ನದ ಶಿಕ್ಷೆಯನ್ನೇ ವಾಪಸ್ ತಂದಿತು. ತಯಾರಿ ಮುಗಿದು ಕೆಲಸಕ್ಕೆ ಕೈ ಹಾಕಿದ ಕ್ಷಣದಿಂದ ಅದು ಪ್ರಯತ್ನ, ಪೂರ್ತಿ ಆಗದೆ ಹೋದರೂ ಅಪರಾಧವೇ.

ನಮ್ಮ ತೀರ್ಪಿನಲ್ಲೂ ಅದೇ ಬಂದಿದೆ. ಕಬ್ಬಿನೊಳಗೆ ಎಳೆದು, ಕೆಡವಿ, ಬಟ್ಟೆ ಹರಿದ ಮೇಲೆ ತಯಾರಿ ಅನ್ನುವ ಮಾತಿಗೆ ಜಾಗ ಇಲ್ಲ, ಜನ ಓಡಿ ಬಂದಿದ್ದಕ್ಕೆ ಅವನು ನಿಲ್ಲಿಸಿದನೇ ಹೊರತು ತಾನಾಗಿ ಅಲ್ಲ ಅಂತ. ಆ ಸಾಲನ್ನು ಮೇಡಂ ಹತ್ತಿರ ಎರಡು ಸಲ ಓದಿಸಿಕೊಂಡೆ. ಮೇಡಂ, ನೀವು ನನ್ನಿಂದ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ, ಒಂದು ದಿನವೂ "ಯಾಕಮ್ಮ ಅಷ್ಟು ಹೊತ್ತಲ್ಲಿ ಒಬ್ಬಳೇ ಬಂದೆ" ಅಂತ ಕೇಳಲಿಲ್ಲ. ಎರಡಕ್ಕೂ ಥ್ಯಾಂಕ್ಸ್.

ಅಪೀಲ್ ನಡೆಯುವಾಗ ಶಿಕ್ಷೆ ಅಮಾನತಾಗಿ ಅವನು ಬೇಲ್ ಮೇಲೆ ಊರಿಗೇ ಬಂದಿದ್ದ. ಕೋರ್ಟಿಗಿಂತ ಕಷ್ಟ ಆಗಿದ್ದು ಅದು. ಡೈರಿಗೆ ಹಾಲು ಹಾಕಲು ಹೋದರೆ ಎದುರಿಗೆ ಸಿಗುತ್ತಿದ್ದ. ಮಾತಾಡುತ್ತಿರಲಿಲ್ಲ, ಸುಮ್ನೆ ನಿಂತು ನೋಡುತ್ತಿದ್ದ. ಆಗ ಗಾರ್ಮೆಂಟ್ಸಿನಲ್ಲಿ ನಮ್ಮ ಲೈನಿನ ಹೆಣ್ಣುಮಕ್ಕಳು ವ್ಯಾನ್ ಡ್ರೈವರ್ ಅಣ್ಣನ ಜೊತೆ ಮಾತಾಡಿ ವ್ಯಾನನ್ನು ಊರೊಳಗೆ ಮನೆ ಬಾಗಿಲ ತನಕ ತರಿಸಿದರು. ಅದರಿಂದ ಅವರಿಗೆಲ್ಲ ಮನೆ ಸೇರುವುದು ತಡ ಆಗುತ್ತಿತ್ತು, ಒಬ್ಬರೂ ಗೊಣಗಲಿಲ್ಲ. ನಾನು ಪರ್ಮಿಷನ್ ಹಾಕಿ ಕೋರ್ಟಿಗೆ ಹೋದಾಗ ನನ್ನ ಮಷೀನಿನ ಕೆಲಸವನ್ನೂ ಹಂಚಿಕೊಂಡು ಹೊಲಿದರು. ಲಂಚ್ ಬಾಕ್ಸ್ ತಂದುಕೊಡುತ್ತಿದ್ದ ಚಿಕ್ಕ ಹುಡುಗಿ ಇದ್ದಳಲ್ಲ, ಈಗ ಮದುವೆಯಾಗಿ ಚನ್ನಪಟ್ಟಣಕ್ಕೆ ಹೋಗಿದ್ದಾಳೆ, ನಿನ್ನನ್ನೂ ಮರೆತಿಲ್ಲ ಕಣೆ.

ಮನೆಯವರಿಗೆ ಥ್ಯಾಂಕ್ಸ್ ಹೇಳಿದರೆ ಬೈಯುತ್ತಾರೆ, ಆದರೂ. ಊರಿನ ಯಜಮಾನರು ಸೇರಿ ತಪ್ಪುಕಾಣಿಕೆ ಕಟ್ಟಿಸಿ ರಾಜಿ ಮಾಡಿಸೋಣ ಅಂದಾಗ, ಯಾವತ್ತೂ ಗಂಡಸರ ಎದುರು ಜೋರಾಗಿ ಮಾತಾಡದ ನಮ್ಮ ಅತ್ತೆಮ್ಮ ಎದ್ದು ನಿಂತು, "ರಾಜಿ ಆಗಾಕೆ ಇದೇನು ಬದಿನ ಜಗಳ್ವಾ?" ಅಂದುಬಿಟ್ಟರು. ಇಂಥ ಕೇಸು ರಾಜಿ ಆಗುವಂಥದ್ದಲ್ಲ ಅಂತ ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ ಅಂತ ಮೇಡಂ ಆಮೇಲೆ ತಿಳಿಸಿದರು, ಅತ್ತೆಮ್ಮನಿಗೆ ಅದನ್ನು ಯಾರೂ ಹೇಳಿರಲಿಲ್ಲ. ನಮ್ಮ ಯಜಮಾನರು ಮಾತು ಕಮ್ಮಿ. ಪ್ರತಿ ತಾರೀಕಿಗೂ ಪಕ್ಕದಲ್ಲಿದ್ದರು.

ಕೋರ್ಟಿನ ಖರ್ಚಿಗೆ ಹೆದರಿ ಮನೆಯಲ್ಲೇ ಕೂತಿರುವ ಹೆಣ್ಣುಮಕ್ಕಳಿಗೆ ಒಂದು ವಿಷಯ. ಸರ್ಕಾರದ ಉಚಿತ ವಕೀಲರ ನೆರವು ಪಡೆಯಲು ಹೆಂಗಸರಿಗೆ ಆದಾಯದ ಲೆಕ್ಕ ಇಲ್ಲ, 1987ರ ಕಾನೂನಿನಲ್ಲೇ ಇದೆ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಅಪೀಲಿಗೂ ಸಿಗುತ್ತದೆ.

ಊರಿನವರಿಗೆ ಒಂದು ಬೇಡಿಕೆ. ತೀರ್ಪು ಬಂದಾಗಿನಿಂದ ಅವನ ಹೆಂಡತಿಯನ್ನು ನೀರಿನ ಹತ್ತಿರ ಯಾರೋ ಚುಚ್ಚಿ ಮಾತಾಡಿದರು ಅಂತ ಕೇಳಿದೆ. ಆಕೆ ಏನೂ ಮಾಡಿಲ್ಲ. ಅವಳ ಮಗಳೂ ನನ್ನ ಮಗಳೂ ಒಂದೇ ಆಟೋದಲ್ಲಿ ಸ್ಕೂಲಿಗೆ ಹೋಗುತ್ತಾರೆ, ಹಾಗೇ ಹೋಗಲಿ. ಆ ಮನೆ ಹೆಣ್ಣುಮಕ್ಕಳಿಗೆ ದಯವಿಟ್ಟು ಯಾರೂ ಏನೂ ಅನ್ನಬೇಡಿ.