ಟೈಲ್ಸ್ ಒಡೆಯೋಕೆ ಮುಂಚೆ ಸೆನ್ಸರ್ ಅಳೆದು ನೋಡಿ

ಮಾನ್ಯ ಸಂಪಾದಕರೇ,

ನಮ್ಮನೇಲಿ ಟೈಲ್ಸ್ ಕೆಳಗೆ ಹೀಟಿಂಗ್ ಕೇಬಲ್ ಹಾಕ್ಸಿದೀವಿ, ಚಳಿ ಶುರುವಾದ ಮೇಲೆ ಒಂದಿನ ಥರ್ಮೋಸ್ಟ್ಯಾಟ್‌ನಲ್ಲಿ, ಅಂದ್ರೆ ಬಿಸಿ ಹತೋಟಿ ಮಾಡೋ ಗೋಡೆ ಮೇಲಿನ ಡಬ್ಬೀಲಿ, ಸೆನ್ಸರ್ ಎರರ್ ಅಂತ ಬಂದು ನೆಲ ತಣ್ಣಗಾಗೋಯ್ತು. ನೋಡೋಕೆ ಬಂದವರು ಆ ಡಬ್ಬಿ ಕೂಡ ಬಿಚ್ಚದೆ ಕೇಬಲ್ ಸುಟ್ಟಿದೆ, ನೆಲ ಅಗೀಲೇಬೇಕು ಅಂದ್ಬಿಟ್ರು. ಈ ಮಾತು ಕೇಳಿ ಎಷ್ಟು ಜನ ಸುಮ್ಮನೆ ಟೈಲ್ಸ್ ಒಡೆಸಿರ್ತಾರೋ ಅಂತ ಸಂಕಟ ಆಗಿ ಬರೀತಿದೀನಿ.

ನೆಲದ ಸೆನ್ಸರ್ ಅಂದ್ರೆ ನೆಲದ ಬಿಸಿ ಎಷ್ಟಿದೆ ಅಂತ ಥರ್ಮೋಸ್ಟ್ಯಾಟ್‌ಗೆ ತಿಳಿಸೋ, ಎರಡು ವೈರ್ ಇರೋ ಸಣ್ಣ ಥರ್ಮಿಸ್ಟರ್ ಅಷ್ಟೇ. ಬಿಸಿ ಏರಿದಷ್ಟೂ ಅದರ ರೆಸಿಸ್ಟೆನ್ಸ್ (ಕರೆಂಟ್‌ಗೆ ಒಡ್ಡೋ ತಡೆ, ಅಳೆಯೋದು ಓಮ್‌ನಲ್ಲಿ) ಇಳಿಯತ್ತೆ. ಸಾಮಾನ್ಯವಾಗಿ ಬರೋ 10 ಕಿಲೋಓಮ್‌ದಾದ್ರೆ 25 ಡಿಗ್ರೀಲಿ 10, 20 ಡಿಗ್ರೀಲಿ ಹನ್ನೆರಡೂವರೆ ಆಸುಪಾಸು, 30ಕ್ಕೆ ಎಂಟರ ಹತ್ರ ತೋರಿಸ್ಬೇಕು. ಮೊದಲು ಎಂಸಿಬಿ ಆಫ್ ಮಾಡಿ, ಟೆಸ್ಟರ್ ಹಿಡಿದು ಕರೆಂಟ್ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ, ಯಾಕಂದ್ರೆ ಕೆಲವು ಥರ್ಮೋಸ್ಟ್ಯಾಟ್‌ಗಳಲ್ಲಿ ಸೆನ್ಸರ್ ಟರ್ಮಿನಲ್‌ನಲ್ಲೂ ಶಾಕ್ ಹೊಡೆಯೋಷ್ಟು ಕರೆಂಟ್ ಇರತ್ತೆ, ಆಮೇಲೆ ಸೆನ್ಸರ್‌ನ ಎರಡೂ ವೈರ್ ಪೂರ್ತಿ ಬಿಚ್ಚಿ, ಮಲ್ಟಿಮೀಟರ್ ಹಿಡಿದು ರೆಸಿಸ್ಟೆನ್ಸ್ ಅಳೀರಿ. ಬಿಚ್ಚದೆ ಅಳೆದ್ರೆ ಥರ್ಮೋಸ್ಟ್ಯಾಟ್ ಒಳಗಿನ ಸರ್ಕ್ಯೂಟೂ ಸೇರ್ಕೊಂಡು ತಪ್ಪು ಲೆಕ್ಕ ಬರತ್ತೆ. ಸೊನ್ನೆ ಹತ್ರ ಬಂದ್ರೆ ಶಾರ್ಟ್, ಏನೂ ತೋರಿಸ್ಲಿಲ್ಲ ಅಂದ್ರೆ ಎಲ್ಲೋ ಕಟ್ ಆಗಿದೆ.

ನಮ್ಮದು ಏನೂ ತೋರಿಸ್ಲಿಲ್ಲ. ಆದ್ರೆ ವೈರ್ ಸ್ವಲ್ಪ ಅಲುಗಾಡಿಸಿದ ತಕ್ಷಣ 12 ಚಿಲ್ಲರೆ ಬಂತು, ಮತ್ತೆ ಹೋಯ್ತು! ನೋಡಿದ್ರೆ ಡಬ್ಬಿ ಹಿಂದೆ ವೈರ್ ಉದ್ದ ಮಾಡೋಕೆ ಬರೀ ತಿರುಚಿ ಟೇಪ್ ಸುತ್ತಿದ್ರು, ತೇವಕ್ಕೆ ತಾಮ್ರ ಹಸಿರುಗಟ್ಟಿತ್ತು. ಕತ್ತರಿಸಿ, ಕೆರೆದು, ಸೋಲ್ಡರ್ ಹಾಕಿದ್ಮೇಲೆ ನೆಲ ಬೆಚ್ಚಗಾಯ್ತು.

ರೀಡಿಂಗ್ ಸರಿಯಿದ್ದೂ ಟೆಂಪರೇಚರ್ ತಪ್ಪು ತೋರಿಸ್ತಿದ್ರೆ ಮೆನುವಲ್ಲಿ ಸೆನ್ಸರ್ ಟೈಪ್ ನೋಡಿ, 10ರ ಜಾಗದಲ್ಲಿ 12 ಕಿಲೋಓಮ್ ಅಂತ ಇದ್ರೂ ಲೆಕ್ಕ ತಪ್ಪತ್ತೆ. ಸೆನ್ಸರ್ ನಿಜವಾಗ್ಲೂ ಸತ್ತಿದ್ರೆ ಕೆಲವು ಮಾಡೆಲ್‌ಗಳಲ್ಲಿ ರೂಮಿನ ಗಾಳಿ ಸೆನ್ಸರ್‌ಗೆ ಬದಲಾಯಿಸಿ ದಿನ ದೂಡಬಹುದು, ಆದ್ರೆ ಮರದ ನೆಲ ಇರೋರು ದಯವಿಟ್ಟು ಹಾಗೆ ಮಾಡ್ಬೇಡಿ, ನೆಲ ಅತಿಯಾಗಿ ಕಾಯದ ಹಾಗೆ ತಡೆಯೋದೇ ಆ ನೆಲದ ಸೆನ್ಸರು.

ಹೊಸದಾಗಿ ಹಾಕೋ ಕೆಲಸಗಾರರಲ್ಲಿ ಒಂದು ವಿನಂತಿ. ಸೆನ್ಸರನ್ನ ನೇರ ಸಿಮೆಂಟಲ್ಲಿ ಹೂಳ್ಬೇಡಿ, ತುದಿ ಮುಚ್ಚಿದ ಪೈಪ್ ಒಳಗೆ, ಎರಡು ಕೇಬಲ್ ಸಾಲಿನ ನಡುವೆ ಇಡಿ, ಗೋಡೆ ಹತ್ರ ಪೈಪ್ ಬಾಗೋ ಕಡೆ ತಿರುವು ನಿಧಾನಕ್ಕಿರಲಿ, ಆಗ ಹಳೇದನ್ನ ಎಳೆದು ಹೊಸದು ತೂರಿಸೋಕೆ ಅರ್ಧ ಗಂಟೇನೂ ಬೇಡ.

ಇತಿ,
ಒಬ್ಬ ಓದುಗ