ಲೆಕ್ಕ ಸರಿ ಇತ್ತು, ಪುಟ್ಟಿ

ಸಾಗರ
ಭಾನುವಾರ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬುಧವಾರ ಬಂತು. ಈ ಕಾಲದಲ್ಲೂ ನನಗೆ ಕೈಯಲ್ಲಿ ಬರೆಯುವವಳು ನೀನೊಬ್ಬಳೇ. ನಿನ್ನ ಜರ್ಮನಿ ಪ್ರವಾಸದ ವೀಸಾ, ದುಡ್ಡು, ನಿಮ್ಮಪ್ಪನ ಕೂಗಾಟ ಎಲ್ಲ ಫೋನಿನಲ್ಲೇ ಮುಗಿದಿದೆ, ಮತ್ತೆ ಕೆದಕುವುದಿಲ್ಲ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಇಪ್ಪತ್ತೆಂಟು ಜನರಲ್ಲಿ ನಾನೊಬ್ಬಳು ಎಲ್ಲಾದರೂ ಉಳಿದುಬಿಟ್ಟರೆ ಯಾರಿಗೂ ಗೊತ್ತೇ ಆಗಲ್ಲವೇನೋ ದೊಡ್ಡಮ್ಮ" ಅಂತ. ತಮಾಷೆಗೆ ಬರೆದ ಹಾಗಿದೆ. ನನಗೆ ಮಾತ್ರ ಅವತ್ತಿನಿಂದ ನಿದ್ದೆ ಸರಿಯಿಲ್ಲ.

ಹಾಗೆಲ್ಲ ಆಗಲ್ಲ ಕಣೇ, ಜೊತೆಗೆ ಬರುವ ಮೇಷ್ಟ್ರು ತಲೆ ಎಣಿಸುತ್ತಾರೆ ಅಂತ ಬರೆಯಲು ಕೂತೆ. ಕೈ ಓಡಲಿಲ್ಲ. ಒಂದು ಕಾಲಕ್ಕೆ ತಲೆ ಎಣಿಸಿದವಳು ನಾನೇ ಅಲ್ವಾ.

1987ರ ಡಿಸೆಂಬರ್. ಹಂಪಿಗೆ ಯುನೆಸ್ಕೊ ಪಟ್ಟ ಸಿಕ್ಕಿದ ಮರುವರ್ಷ. ಆಗ ನಾನಿದ್ದ ಶಾಲೆಯಿಂದ 46 ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆವು. ವಿಠ್ಠಲ ದೇವಸ್ಥಾನ ಮುಗಿಸಿ ತುಂಗಭದ್ರಾ ಡ್ಯಾಮಿಗೆ ಹೊರಡಬೇಕು. ಡಿಸೆಂಬರಿನಲ್ಲಿ ಆರೂವರೆಗೇ ಕತ್ತಲು. ಡ್ರೈವರ್ ಹಾರ್ನ್ ಮೇಲೆ ಹಾರ್ನ್. ನಾನು ಸೀಟು ಸೀಟಿಗೂ ಹೋಗಿ ತಲೆ ಮುಟ್ಟಿ ಎಣಿಸಿದೆ. ನಲವತ್ತಾರು. ಲೆಕ್ಕ ಸರಿ ಇತ್ತು, ಪುಟ್ಟಿ.

ಹೊಸಪೇಟೆ ದಾಟಿದ ಮೇಲೆ ಗೊತ್ತಾಯಿತು, ಅದರಲ್ಲೊಂದು ತಲೆ ಅಡುಗೆಯವರ ಮಗಳದ್ದು. ದಿನಾ ಹಿಂದೆ ಪಾತ್ರೆಗಳ ಹತ್ತಿರ ಕೂರುವವಳು, ಖಾಲಿ ಸೀಟು ಕಂಡು ಮುಂದೆ ಬಂದು ಕೂತಿದ್ದಳು. ಪಕ್ಕದ ಹುಡುಗಿಗೆ ಅದು ವಿಚಿತ್ರ ಅಂತ ಅನ್ನಿಸಲೇ ಇಲ್ಲ. ಈಗಲೂ ನನ್ನನ್ನು ಚುಚ್ಚುವುದು ಅದೇ.

ಹಂಪಿಯಲ್ಲೇ ಉಳಿದುಹೋದವಳು ಎಂಟನೇ ಕ್ಲಾಸಿನವಳು. ಮಾತು ಕಮ್ಮಿ, ನಿನ್ನ ಹಾಗೇ. ಕಲ್ಲಿನ ರಥದ ಹಿಂದೆ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತಂತೆ, ಪಿನ್ನು ಹಾಕಿಕೊಳ್ಳಲು ಕೂತಳಂತೆ. ಅಷ್ಟೇ. ನಾವು ವಾಪಸ್ ಹೋದಾಗ ಗೋಪುರದ ಹೊರಗೆ ಕಡಲೆಕಾಯಿ ಮಾರುವ ಅಜ್ಜಿಯ ಪಕ್ಕ ಬುಡ್ಡಿ ದೀಪದ ಬೆಳಕಿನಲ್ಲಿ ಕೂತಿದ್ದಳು. ಲಂಗದ ಮಡಿಲಲ್ಲಿ ಒಂದು ಬೊಗಸೆ ಕಡಲೆಕಾಯಿ. ಒಂದನ್ನೂ ಸುಲಿದಿರಲಿಲ್ಲ.

ನಾನೇನು ಮಾಡಿದೆ ಗೊತ್ತಾ? ಬೈದೆ. ಎಲ್ಲರೆದುರು. "ನಿನಗೆ ಬಾಯಿ ಇಲ್ವಾ?" ಅಂತ. ಅವಳು ಅಳಲೂ ಇಲ್ಲ. ಆಮೇಲೆ ಹತ್ತನೇ ಕ್ಲಾಸು ಮುಗಿಸಿ ಹೋಗುವ ತನಕ ಎರಡು ವರ್ಷಕ್ಕೂ ಜಾಸ್ತಿ ದಿನಾ ಕಣ್ಣಿಗೆ ಬೀಳುತ್ತಿದ್ದಳು. ತಪ್ಪಾಯ್ತು ಅಂತ ಒಂದು ಮಾತು ಹೇಳಲಿಲ್ಲ ನಾನು. ನಿಮ್ಮ ದೊಡ್ಡಪ್ಪನಿಗೂ ಇದು ಗೊತ್ತಿಲ್ಲ.

ಹಾಗಾಗಿ ನಿನ್ನ ಹೆದರಿಕೆಯನ್ನು ಸುಮ್ನೆ ತಳ್ಳಿಹಾಕಲು ನನಗೆ ಬಾಯಿಲ್ಲ.

ಪಕ್ಕದ ಮನೆ ಹುಡುಗ ಜರ್ಮನಿಯಲ್ಲಿ ಓದಿ ಬಂದವನು. ಕೂರಿಸಿಕೊಂಡು ಕೇಳಿದೆ. ಬರ್ಲಿನ್ನಿನ ದೊಡ್ಡ ಸ್ಟೇಷನ್ನಿನಲ್ಲಿ ರೈಲುಗಳು ಎರಡು ಅಂತಸ್ತಿನಲ್ಲಿ ಓಡುತ್ತವಂತೆ, 1ರಿಂದ 8ನೇ ಪ್ಲಾಟ್‌ಫಾರಂ ನೆಲದಡಿಯಲ್ಲಿ, 11ರಿಂದ 16 ಮೇಲೆ. "ಸ್ಟೇಷನ್ನಿನಲ್ಲಿ ಸಿಗೋಣ" ಅಂತ ಯಾರಾದರೂ ಅಂದರೆ ಎಷ್ಟನೇ ನಂಬರ್ ಅಂತ ಕೇಳಿಬಿಡು. ಕೆಲವು ರೈಲು ಮಧ್ಯದಲ್ಲಿ ಎರಡಾಗಿ ಬೇರೆ ಬೇರೆ ಊರಿಗೆ ಹೋಗುತ್ತವಂತೆ ಮಾರಾಯ್ತಿ, ಬೋಗಿ ನೋಡಿ ಹತ್ತು. ತುರ್ತಿಗೆ 112. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಉಳಿಯುವ ಜಾಗದ ವಿಳಾಸ ಒಂದು ಚೀಟಿಯಲ್ಲೂ ಇರಲಿ, ಫೋನ್ ಸತ್ತರೆ ಬೇಕಾಗುತ್ತೆ. ವೀಸಾಕ್ಕೆ ಅಂತ ಮಾಡಿಸಿದ 30,000 ಯೂರೊ ಇನ್ಶೂರೆನ್ಸ್ ಇದೆಯಲ್ಲ, ಅದರ ಫೋನ್ ನಂಬರನ್ನೂ ಅದೇ ಚೀಟಿಯಲ್ಲಿ ಬರೆದುಕೋ. ಇವೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ. ಬೈಕೋಬೇಡ.

ಆದರೆ ನೀನು ಕೇಳಿದ್ದು ಇದನ್ನಲ್ಲ, ಅಲ್ವಾ?

ಪೆನ್ಸಿಲ್ ಹಿಡಿದರೆ ಊಟಕ್ಕೆ ಕರೆದದ್ದೂ ನಿನಗೆ ಕೇಳಿಸಲ್ಲ. ಡೆಸ್ಸೌ ಊರಿನಲ್ಲಿ ಬೌಹೌಸ್ ಕಲಾಶಾಲೆಯ ಆ 1926ರ ಕಟ್ಟಡದ ಗಾಜಿನ ಗೋಡೆ ಎದುರಿಗಿದ್ದರೆ ಇನ್ನು ಕೇಳಬೇಕೆ. ಕೂರುವ ಮುಂಚೆ ಒಬ್ಬರಿಗೆ ಹೇಳು, "ನಾನು ಇಲ್ಲಿರ್ತೀನಿ" ಅಂತ. ಇಪ್ಪತ್ತೆಂಟು ಜನಕ್ಕೆ ಬೇಡ, ಒಬ್ಬರು ಸಾಕು. ನಾಚಿಕೆಯಾಗುತ್ತೆ, ಗೊತ್ತು. ಆದರೂ ಹೇಳು. ಅಷ್ಟಾಗಿಯೂ ಉಳಿದೆಯಾ, ಅಲ್ಲೇ ಇರು, ಹುಡುಕಿಕೊಂಡು ಓಡಬೇಡ. ಆ ಹುಡುಗಿ ಅಲ್ಲೇ ಇದ್ದಿದ್ದಕ್ಕೆ ನಮಗೆ ಸಿಕ್ಕಳು. ಬಂದವರು ನಿನ್ನನ್ನೇ ಬೈದರೆ, ಅವರ ಕೈಕಾಲು ನಡುಗುತ್ತಿದೆ ಅಂದುಕೋ. ನನ್ನದು ನಡುಗುತ್ತಿತ್ತು. ಅವಳಿಗೆ ಅದು ಕಾಣಿಸಿತೋ ಇಲ್ಲವೋ.

ಅಲ್ಲಿ ಜೂನಿನಲ್ಲಿ ರಾತ್ರಿ ಒಂಬತ್ತೂವರೆವರೆಗೂ ಬೆಳಕಿರುತ್ತಂತೆ. ಅದೊಂದು ಸಮಾಧಾನ. ನಿನಗೆ ಹತ್ತಾದರೆ ನಮಗೆ ಒಂದೂವರೆ. ಆದರೂ ಫೋನ್ ಮಾಡು, ಹೇಗೂ ಎಚ್ಚರ ಇರ್ತೀನಿ.

ಚಟ್ನಿಪುಡಿ ಎರಡು ಪೊಟ್ಟಣ ಕಳಿಸಿದ್ದೇನೆ. ಒಂದು ನಿನಗೆ, ಇನ್ನೊಂದು ಬಸ್ಸಿನಲ್ಲಿ ನಿನ್ನ ಪಕ್ಕ ಕೂರುವವಳಿಗೆ. ಕೊಟ್ಟ ಮೇಲೆ ಅವಳ ಹೆಸರು ನನಗೊಂದು ಮೆಸೇಜ್ ಹಾಕು.

ನಿನ್ನ,
ದೊಡ್ಡಮ್ಮ